ಮಗನ ಸರದಿ

ವೆಂಡೆಲ್ ಅಪ್ಪನ ಅಂಗಡಿಗೆ ಹಿತ್ತಲ ಬಾಗಿಲಿನಿಂದ ಬರಲಿಲ್ಲ. ಮುಖ್ಯರಸ್ತೆಯ ಕಡೆಯ ಗಾಜಿನ ಬಾಗಿಲನ್ನೇ ತಳ್ಳಿಕೊಂಡು ಒಳಗೆ ಬಂದ. ಹ್ಯಾಟು ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡು, ಬಿಳಿಯ ಗಿರಾಕಿಗಳು ಕಾಯುವ ಬೆಂಚಿನ ಮೇಲೆ ಕೂತ. ವಕೀಲನೊಬ್ಬನ ಗಲ್ಲಕ್ಕೆ ನೊರೆ ಹಚ್ಚುತ್ತಿದ್ದ ಅಲೋಂಜೊ ಗ್ರಿಗ್ಸ್ ಕನ್ನಡಿಯಲ್ಲೇ ಮಗನನ್ನು ನೋಡಿದ. ಕೈ ಮಾತ್ರ ನಿಲ್ಲಲಿಲ್ಲ.

ಅಮೆರಿಕದ ದಕ್ಷಿಣ ಕೆರೊಲಿನಾದ ಆ ಊರಿನಲ್ಲಿ ಅಲೋಂಜೊನ ಕ್ಷೌರದಂಗಡಿ ಅಂದರೆ ದೊಡ್ಡವರ ಅಂಗಡಿ. ಅವನು ಕಪ್ಪು ಮನುಷ್ಯ. ಅವನ ಕೆಂಪು ಚರ್ಮದ ಕುರ್ಚಿಯಲ್ಲಿ ಕೂರುವವರೆಲ್ಲ ಬಿಳಿಯರು. ಒಂದೇ ಒಂದು ಕಪ್ಪು ತಲೆ ಅದಕ್ಕೆ ಒರಗಿದರೂ ಬಿಳಿಯರು ಮತ್ತೆ ಇತ್ತ ಸುಳಿಯುವುದಿಲ್ಲವೆಂದು ಊರಿಗೇ ಗೊತ್ತಿತ್ತು. ಹಾಗಾಗಿ ಸ್ವಂತ ಮಗನಿಗೂ ಅವನು ಮನೆಯ ಅಡುಗೆಕೋಣೆಯಲ್ಲಿ, ಬಕೀಟು ಬೋರಲು ಹಾಕಿ ಕೂರಿಸಿ ಕೂದಲು ಕತ್ತರಿಸುತ್ತಿದ್ದ. ಅದೇ ದುಡಿಮೆಯಲ್ಲಿ ಮಗ ಕಾಲೇಜು ಸೇರಿದ. ಸೇರಿದವನು ಗೆಳೆಯರೊಂದಿಗೆ ಪೇಟೆಯಲ್ಲಿ ಬಿಳಿಯರಿಗೆಂದೇ ಇದ್ದ ಹೋಟೆಲ್ ಕೌಂಟರಿನ ಮುಂದೆ ಕೂತು ಕಾಫಿ ಕೇಳಿದ. ಯಾರೋ ತಲೆಯ ಮೇಲೆ ಸಕ್ಕರೆ ಸುರಿದರು, ಯಾರೋ ಕಾಲರ್ ಹಿಡಿದು ನೆಲಕ್ಕೆ ಕೆಡವಿದರು. ಪೊಲೀಸರು ಬಂದು ಬಿದ್ದವನನ್ನೇ ಜೈಲಿಗೆ ಹಾಕಿದರು. ಬಿಡುಗಡೆಯಾಗಿ ನಿನ್ನೆಯಷ್ಟೇ ಮನೆ ಸೇರಿದ್ದ.

ವಕೀಲನ ಮುಖ ಒರೆಸುವ ಹೊತ್ತಿಗೆ ಕಟ್ಟಡದ ಮಾಲೀಕ ಹೋಲ್ಕಂಬ್ ಒಳಗೆ ಬಂದ. ಬೆಂಚಿನ ಕಡೆ ಕಣ್ಣು ಹಾಯಿಸಿ, "ಏನೋ ಲೊನ್ನಿ, ಮಗನ್ನ ನೆಲ ಗುಡಿಸೋಕೆ ಹಚ್ಚಿದ್ಯಾ? ಒಳ್ಳೇದಾಯ್ತು ಬಿಡು. ಕೈಗೆ ಕೆಲಸ ಇದ್ರೆ ಕಂಡಕಂಡಲ್ಲಿ ಕೂರೋ ಚಟ ಬಿಟ್ಟುಹೋಗುತ್ತೆ," ಎಂದ. ವಕೀಲ ನಗುತ್ತ ಕುರ್ಚಿಯಿಂದ ಎದ್ದ. ಹೋಲ್ಕಂಬ್ ಕೋಟು ಕಳಚತೊಡಗಿದ.

ವೆಂಡೆಲ್ ಎದ್ದು ನಿಂತ. "ಮಿಸ್ಟರ್ ಗ್ರಿಗ್ಸ್, ಈಗ ನನ್ನ ಸರದಿ ಅಲ್ವಾ?"

ಅಲೋಂಜೊನ ಕೈಯಲ್ಲಿದ್ದ ಟವಲು ಹಾಗೇ ನಿಂತಿತು. ವಯಸ್ಸು ಅರವತ್ತರ ಹತ್ತಿರ ಬಂದಿದ್ದರೂ, ಮೀಸೆ ಮೂಡದ ಬಿಳಿ ಹುಡುಗರು ಕೂಡ ಅವನನ್ನು ಲೊನ್ನಿ ಎಂದೇ ಕರೆಯುತ್ತಿದ್ದರು. ಆ ನಾಲ್ಕು ಗೋಡೆಗಳೊಳಗೆ ಮಿಸ್ಟರ್ ಎಂಬ ಮಾತು ಅವನ ಹೆಸರಿನ ಮುಂದೆ ಬಂದದ್ದು ಅದೇ ಮೊದಲು. ಅಣಕಿಸುತ್ತಿದ್ದಾನೋ ಎಂದು ಮಗನ ಮುಖ ನೋಡಿದ. ಅಣಕವಿರಲಿಲ್ಲ. ಕಿವಿಯ ಹಿಂದೆ ಇನ್ನೂ ಮಾಯದ ಗಾಯವಿತ್ತು. ಈ ಗಾಯ ಮಾಡಿದವನೂ ತನ್ನ ಗಿರಾಕಿಯೇ ಇರಬಹುದು ಅನ್ನಿಸಿತು.

"ಹೋಲ್ಕಂಬ್ ಸಾರ್, ಸ್ವಲ್ಪ ಕಾಯ್ಬೇಕಾಗುತ್ತೆ," ಎಂದ ಅಲೋಂಜೊ. "ನಿಮಗಿಂತ ಮುಂಚೆ ಇವರು ಬಂದಿದ್ದಾರೆ."

"ಯಾರು?"

"ಇವರು. ಮಿಸ್ಟರ್ ವೆಂಡೆಲ್ ಗ್ರಿಗ್ಸ್."

ಹೋಲ್ಕಂಬ್ ಅರ್ಧ ಕಳಚಿದ ಕೋಟನ್ನು ಮತ್ತೆ ಮೈಮೇಲೆ ಎಳೆದುಕೊಂಡ. "ತಲೆ ನೆಟ್ಟಗಿದ್ಯಾ ನಿಂಗೆ? ಈ ಕಟ್ಟಡ ಯಾರದ್ದು ಅನ್ನೋದು ಮರ್ತುಹೋಯ್ತಾ?"

"ಕಟ್ಟಡ ನಿಮ್ಮದೇ ಸಾರ್," ಎಂದ ಅಲೋಂಜೊ. "ಕುರ್ಚಿ ನನ್ನದು."

ವಕೀಲ ಹ್ಯಾಟು ಹಾಕಿಕೊಂಡು ಮೆಲ್ಲಗೆ ಜಾರಿಕೊಂಡ. "ಹಾಗಾದ್ರೆ ನಿನ್ನ ಕುರ್ಚಿ ಹೊತ್ಕೊಂಡು ಬೀದಿಲಿ ಕೂರು," ಎಂದು ಹೋಲ್ಕಂಬ್ ಹೊರನಡೆದ. ಬಾಗಿಲು ಬಡಿದ ರಭಸಕ್ಕೆ ಗಾಜು ಅದುರಿತು. ಅವನು ಸುಮ್ಮನೆ ಆಡಿದ ಮಾತಲ್ಲ ಅದು. ತಿಂಗಳು ತುಂಬುವ ಮೊದಲೇ ಅಂಗಡಿಗೆ ಬೇರೆ ಬೀಗ ಬಿತ್ತು, ಕೆಂಪು ಕುರ್ಚಿ ತಳ್ಳುಗಾಡಿ ಹತ್ತಿ ಕಪ್ಪು ಜನರ ಕೇರಿಗೆ, ಅಲೋಂಜೊನ ಮನೆಯ ಜಗಲಿಗೆ ಬಂತು. ಆದರೆ ಆ ಮಧ್ಯಾಹ್ನ ಅಂಗಡಿಯಿನ್ನೂ ಅವನದೇ ಆಗಿತ್ತು.

ವೆಂಡೆಲ್ ಕುರ್ಚಿಯ ಪಕ್ಕ ನಿಂತೇ ಇದ್ದ. "ಅಪ್ಪ, ನಾನು ಸುಮ್ನೆ ಕೇಳೋಣ ಅಂತ ಬಂದೆ. ನೀನು ಆಗಲ್ಲ ಅಂತೀಯ ಅಂದ್ಕೊಂಡಿದ್ದೆ."

"ನಾನೂ ಹಾಗೇ ಅಂದ್ಕೊಂಡಿದ್ದೆ," ಎಂದ ಅಲೋಂಜೊ. "ಕೂತ್ಕೊ."

ಒಗೆದು ಮಡಿಸಿಟ್ಟಿದ್ದ ಬಿಳಿ ಬಟ್ಟೆಯನ್ನು ಒಮ್ಮೆ ಜಾಡಿಸಿ ಮಗನ ಕೊರಳಿಗೆ ಕಟ್ಟಿದ. ಕುರ್ಚಿಯ ಮುಖ ಯಾವಾಗಲೂ ಕನ್ನಡಿಯ ಕಡೆಗಿರುತ್ತಿತ್ತು. ಅಲೋಂಜೊ ಅದನ್ನು ಪೂರ್ತಿ ತಿರುಗಿಸಿ ಬೀದಿಯ ಕಿಟಕಿಗೆ ಎದುರಾಗಿ ನಿಲ್ಲಿಸಿದ. ಸುದ್ದಿ ಆಗಲೇ ಹಬ್ಬಿತ್ತು. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಬಿಳಿಯರು ಗುಂಪುಗಟ್ಟಿದ್ದರು. ಅವರ ಹಿಂದೆ, ರಸ್ತೆಯ ಆಚೆಬದಿಯಲ್ಲಿ, ಸ್ಟೇಷನ್ನಿನ ಹಮಾಲಿಗಳು, ಲಾಂಡ್ರಿಯ ಹೆಂಗಸರು, ಕಪ್ಪು ಜನ ಒಬ್ಬೊಬ್ಬರಾಗಿ ಬಂದು ನಿಲ್ಲುತ್ತಿದ್ದರು. ಅಲೋಂಜೊ ಕತ್ತರಿ ಎತ್ತಿಕೊಂಡು ಕೂದಲು ಕತ್ತರಿಸತೊಡಗಿದ.

ಅಷ್ಟು ಕಣ್ಣುಗಳನ್ನು ಒಟ್ಟಿಗೆ ಎದುರಿಸಲಾರದೆ ವೆಂಡೆಲ್‌ನ ಗಲ್ಲ ಎದೆಯತ್ತ ಇಳಿಯಿತು. ಅಲೋಂಜೊ ಕತ್ತರಿ ನಿಲ್ಲಿಸಿದ. ಎರಡು ಬೆರಳನ್ನು ಮಗನ ಗಲ್ಲದ ಕೆಳಗಿಟ್ಟ.

"ತಲೆ ಎತ್ತು ಮಗ," ಎಂದ. "ಕಟಿಂಗ್ ಹೆಂಗೆ ಬಂದಿದೆ ಅಂತ ಊರಿಗೆಲ್ಲ ಕಾಣ್ಲಿ."