ಖಾಲಿ ಡಬ್ಬಿ ಕೊಡಬಾರದು

ಅಡುಗೆಮನೆಯ ಶೆಲ್ಫಿನ ತುಂಬ ಅತ್ತೆ ಕೂಡಿಟ್ಟ ಸ್ಟೀಲ್ ಡಬ್ಬಿಗಳು. ಅವು ಹೋದರೆ ತನ್ನ ಪುಸ್ತಕಗಳಿಗೆ ಜಾಗವಾಗುತ್ತದೆ ಎಂಬುದು ವಿನುತಾಳ ಬಹುದಿನದ ಆಸೆ.

“ಅತ್ತೆ, ವರ್ಷದಿಂದ ಮುಟ್ಟದ ಡಬ್ಬಿಗಳನ್ನೆಲ್ಲ ಅಕ್ಕಪಕ್ಕದವರಿಗೆ ಕೊಟ್ಟುಬಿಡಲಾ?” ಅಂಜುತ್ತಲೇ ಕೇಳಿದಳು.

“ಕೊಡಮ್ಮ, ನನಗಿನ್ನು ಯಾತಕ್ಕೆ?”

ಇಷ್ಟು ಸುಲಭವಾಗಿ ಒಪ್ಪಿಯಾರೆಂದು ಅವಳು ಎಣಿಸಿರಲಿಲ್ಲ. ಅವರ ಮನಸ್ಸು ಬದಲಾಗುವ ಮೊದಲೇ ಡಬ್ಬಿಗಳನ್ನು ಚೀಲಕ್ಕೆ ತುಂಬತೊಡಗಿದಳು.

“ಖಾಲಿ ಡಬ್ಬಿ ಮಾತ್ರ ಕೊಡಬಾರದು ಕಣಮ್ಮ. ನಿನ್ನೆ ಕರಿದ ಕೋಡುಬಳೆ ಇದೆಯಲ್ಲ, ಒಂದೊಂದಕ್ಕೂ ನಾಲ್ಕು ಹಾಕು.”

ಅದೇನು ಮಹಾ ಎಂದು ಹಾಕಿದಳು. ಸಂಜೆಯೊಳಗೆ ಡಬ್ಬಿಗಳು ಬೀದಿಯ ಮನೆಮನೆ ಸೇರಿದವು, ಪುಸ್ತಕಗಳು ಶೆಲ್ಫ್ ಏರಿದವು.

ಮರುದಿನ ಎದುರುಮನೆಯಾಕೆ ತೊಳೆದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. “ಕೋಡುಬಳೆ ಚೆನ್ನಾಗಿತ್ತು ಕಣ್ರೀ. ಖಾಲಿ ಡಬ್ಬಿ ವಾಪಸ್ ಕೊಡೋದು ಹೇಗೆ ಅಂತ ರವೆಉಂಡೆ ಹಾಕಿದ್ದೀನಿ.”

“ಡಬ್ಬೀನೂ ನಿಮಗೇ ಅಂತಲೇ ಕೊಟ್ಟಿದ್ದು.”

“ಇಷ್ಟು ಒಳ್ಳೆ ಡಬ್ಬಿನಾ? ನಿಮ್ಮತ್ತೆ ಸುಮ್ಮನಿರ್ತಾರಾ?”

ಅವರ ಹಿಂದೆ, ಗೇಟಿನ ಹತ್ತಿರ, ಇನ್ನೂ ಮೂವರು ಬರುತ್ತಿದ್ದರು. ಮೂವರ ಕೈಯಲ್ಲೂ ಡಬ್ಬಿ.

ವಿನುತಾ ಅತ್ತೆಯನ್ನು ಕರೆಯಲು ಒಳಗೆ ತಿರುಗಿದಳು. ಅತ್ತೆ ಆಗಲೇ ಪುಸ್ತಕಗಳನ್ನೆಲ್ಲ ಜೋಪಾನವಾಗಿ ಕೆಳಗಿಳಿಸಿ, ಶೆಲ್ಫ್ ಒರೆಸುತ್ತಿದ್ದರು.