ಭಾಗವತರಿಗೊಂದು ಟ್ಯಾಬು

"ತಗೊಳ್ಳಿ ನಿಮ್ಮ ಸೊತ್ತು! ಇಡೀ ಬೆಟ್ಟಂಪಾಡಿಯ ಎದುರು ನನ್ನ ಮಾನ ಹರಾಜು ಹಾಕಿತು ಇದು," ಎಂದು ಯಕ್ಷಗಾನ ಹಾಡುವ ಅಚ್ಚುತ ಭಾಗವತರು ಹೊಸ ಟ್ಯಾಬನ್ನು ಪುತ್ತೂರಿನ ಮೊಬೈಲ್ ಅಂಗಡಿಯ ಗಾಜಿನ ಮೇಲೆ ಕುಕ್ಕಿದರು. ಅಂಗಡಿಯ ಜಾಸಿರ್ ಮೊದಲು ಗಾಜು ಒಡೆದಿದೆಯಾ ಎಂದು ನೋಡಿದ, ಆಮೇಲೆ ಭಾಗವತರನ್ನು ನೋಡಿದ.

"ಎಂತ ಆಯ್ತು ಭಾಗವತರೇ?"

"ಎಂತ ಆಗುದು? ಮೊನ್ನೆ ತಾಳಮದ್ದಳೆ. ಒಳ್ಳೆ ಶೋಕದ ಪದ್ಯ. ಮೊದಲ ಸಾಲು ಹಾಡಿ ಆಗಿದೆ. ಎರಡನೇ ಸಾಲಿಗೆ ನೋಡ್ತೇನೆ, ಕಪ್ಪು! ಅಕ್ಷರ ಇರುವಲ್ಲಿ ನನ್ನದೇ ಮೂತಿ ಕಾಣ್ತಾ ಉಂಟು."

"ಮತ್ತೆ?"

ಮತ್ತಿನದನ್ನು ಜೊತೆಗೆ ಬಂದಿದ್ದ ಮದ್ದಳೆಯ ರಿತೇಶ ಹೇಳಿದ. "ಮತ್ತೆಂತ, 'ಆ...' ಅಂತ ಎಳೆದ್ರು ಮಾರಾಯ. ಎಳೆದ್ರು, ಎಳೆದ್ರು, ನನಗೆ ಬಾರಿಸಿ ಬಾರಿಸಿ ಕೈ ಸೋತಿತು. ಇವರ ಕಣ್ಣಲ್ಲಿ ನೀರು ಬೇರೆ. ಅರ್ಥ ಹೇಳುವವರು ಪುಣ್ಯಾತ್ಮರು, ಪದ್ಯ ಮುಗಿಯಿತು ಅಂತ ಅವರೇ ಮಾತು ಶುರು ಮಾಡಿದ್ರು. ಬಚಾವ್!"

ಹಿಂದೆಲ್ಲ ಭಾಗವತರಿಗೆ ಪದ್ಯಗಳು ಬಾಯಿಪಾಠವೇ ಇದ್ದವು. ಪುಸ್ತಕವನ್ನು ಶಾಸ್ತ್ರಕ್ಕೆ ಎದುರಿಗಿಡುತ್ತಿದ್ದರು, ಅಷ್ಟೆ. ಟ್ಯಾಬು ಎಂಬುದು ಬಂತು ನೋಡಿ, ಊರ ಭಾಗವತರೆಲ್ಲ ಇಟ್ಟರು, ಇವರೂ ಇಟ್ಟರು. ಹಳೆಯದು ಕೆಟ್ಟು ಈ ಹೊಸದು ಬರುವಷ್ಟರಲ್ಲಿ ತಲೆಯಲ್ಲಿದ್ದದ್ದೆಲ್ಲ ಖಾಲಿ. ಈಗ ಮಂಗಳ ಹಾಡುವುದಕ್ಕೂ ಪರದೆ ನೋಡಬೇಕು. ಅದೂ ಹೋಗಲಿ, ಸುಬ್ರಹ್ಮಣ್ಯದ ತಾಳಮದ್ದಳೆ ಕೂಟಕ್ಕೆ ವರ್ಷವೂ ಇವರಿಗೇ ಕರೆ. ಈ ಸಲ ಬೆಟ್ಟಂಪಾಡಿಯ ಕತೆ ಆದಂದಿನಿಂದ ಸಂಘಟಕ ರೂಪೇಶನ ಫೋನೇ ಇಲ್ಲ. ಐವರ್ನಾಡಿನ ದುಗ್ಗಪ್ಪನನ್ನು ಕರೆಯುತ್ತಾರಂತೆ ಎಂದು ಸುದ್ದಿ. ದುಗ್ಗಪ್ಪನಿಗೆ ಟ್ಯಾಬೂ ಬೇಡ, ಪುಸ್ತಕವೂ ಬೇಡ, ಕಣ್ಣು ಮುಚ್ಚಿ ಕೂತರೆ ಹಾಡುತ್ತಲೇ ಇರುತ್ತಾನೆ. ಅವನಿಗೆ ಶ್ರುತಿಯ ಗಂಧವೇ ಇಲ್ಲ ಎಂದು ಅಚ್ಚುತ ಭಾಗವತರು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. ಹೊಟ್ಟೆ ಉರಿ ಮಾತ್ರ ಕಡಿಮೆಯಾಗಿರಲಿಲ್ಲ.

"ಬದಲಿ ಕೊಡ್ತೇನೆ. ನಿಮಗೆ ಆಗುದನ್ನು ನೀವೇ ಆರಿಸಿ," ಎಂದ ಜಾಸಿರ್. ಹೇಳಬಾರದಿತ್ತು. ಭಾಗವತರು ಚಪ್ಪಲಿ ಕಳಚಿ ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿದರು, ಶಾಲು ಹೊದ್ದರು, ಬೈಕಿನ ಕೀಲಿಯನ್ನೇ ಜಾಗಟೆಯ ಕೋಲು ಮಾಡಿ ಗಾಜಿಗೆ ಬಡಿಯತೊಡಗಿದರು. ರಿತೇಶನಿಗೆ ಮದ್ದಳೆಯಾಗಿ ಒಂದು ಖಾಲಿ ಡಬ್ಬಿ ಸಿಕ್ಕಿತು. ಜಾಸಿರ್ ಪದ್ಯ ತುಂಬಿ ಮೊದಲು ಕೊಟ್ಟ ಟ್ಯಾಬು ಶಾಲಿನ ತುದಿ ತಾಗಿದ್ದೇ ಯುದ್ಧದ ಪದ್ಯದಿಂದ ಹಾರಿ ಮದುವೆಯ ಪದ್ಯಕ್ಕೆ ಹೋಯಿತು. ಇನ್ನೊಂದು ಆಲಾಪನೆ ತುಸು ಉದ್ದವಾದರೆ ಮಲಗಿಬಿಡುತ್ತಿತ್ತು. ಮತ್ತೊಂದು ವೀರಾವೇಶದ ಏರುಪದ್ಯದ ನಟ್ಟ ನಡುವೆ ಅಪ್‌ಡೇಟ್ ಮಾಡಲೋ ಎಂದು ಕೇಳಿತು. "ನಿನ್ನ ಅಜ್ಜಿಗೆ ಮಾಡು!" ಎಂದು ಭಾಗವತರು ಅದೇ ರಾಗದಲ್ಲಿ ಬೈದರು. ರೀಚಾರ್ಜಿಗೆ ಬಂದವರು ಬಾಗಿಲಲ್ಲಿ ಗುಂಪಾಗಿ ನಿಂತು ಪುಕ್ಕಟೆ ಆಟ ನೋಡಿದರು.

ಕೊನೆಗೆ ಮೇಲಿನ ಕಪಾಟಿನಿಂದ ಇಳಿದದ್ದು ಗಟ್ಟಿ ಸಾಮಾನು. ಶಾಲು ಬಿದ್ದರೂ ಕದಲಲಿಲ್ಲ, ಆಲಾಪನೆ ಎಳೆದರೂ ಮಲಗಲಿಲ್ಲ. ಭಾಗವತರು ಒಂದಕ್ಷರ ತಪ್ಪದೆ, ಒಮ್ಮೆಯೂ ತಲೆ ಎತ್ತದೆ ಹಾಡಿ ಮುಗಿಸಿದರು. ಮುಗಿಸಿ ನೋಡಿದರೆ ಬಾಗಿಲಲ್ಲಿ ಒಂದು ನರಪಿಳ್ಳೆ ಇಲ್ಲ. ಎಲ್ಲರೂ ಅವರವರ ಕೆಲಸಕ್ಕೆ ಹೋಗಿದ್ದರು.

"ಇದೇ ಆಗಬಹುದು," ಎನ್ನುವಾಗ ಫೋನು ಬಂತು. ರೂಪೇಶನದು! ರಿತೇಶನಿಗೂ ಕೇಳಲಿ ಎಂದು ಭಾಗವತರು ಸ್ಪೀಕರ್ ಹಾಕಿದರು.

"ಅಚ್ಚುತಣ್ಣ, ಸುಬ್ರಹ್ಮಣ್ಯಕ್ಕೆ ನೀವೇ ಆಗಬೇಕು. ಮೊನ್ನೆಯ ಆ ಆಲಾಪನೆಯ ವಿಡಿಯೋ ಯಾರೋ ಬಿಟ್ಟಿದ್ದಾರೆ, ಎಲ್ಲ ಗ್ರೂಪಿನಲ್ಲಿ ಅದೇ! ಹೆಂಗಸರು ಕೂತು ಅತ್ತಿದ್ದಾರಂತೆ. ಟ್ಯಾಬು ಬಂದ ಮೇಲೆ ಭಾಗವತರು ತಲೆ ಎತ್ತಿ ನಮ್ಮ ಮುಖ ನೋಡಿ ಹಾಡಿದ್ದು ಇದೇ ಮೊದಲು ಅಂತ ಜನ ಹೇಳ್ತಾ ಇದ್ದಾರೆ. ನಮಗೆ ಅದು ಬೇಕೇ ಬೇಕು, ಕಣ್ಣೀರು ಸಮೇತ. ನಿಮಗೆ ಆಗುದಿಲ್ಲಾಂದ್ರೆ ಈಗಲೇ ಹೇಳಿ, ದುಗ್ಗಣ್ಣನ ಹತ್ರ ಮಾತಾಡ್ತೇನೆ."

"ಆಗದೆ ಎಂತ ಮಾರಾಯ! ಅದು ನನ್ನ ಇಷ್ಟು ವರ್ಷದ ಸಾಧನೆ ಅಲ್ವಾ?" ಎಂದು ಭಾಗವತರು ಎದೆಯುಬ್ಬಿಸಿ ಫೋನಿಟ್ಟರು. ಆಮೇಲೆ ಟ್ಯಾಬು ಬದಿಗಿಟ್ಟು, ತಲೆ ಎತ್ತಿ, ಎದುರಿನ ಕವರುಗಳ ಸಾಲನ್ನು ನೋಡುತ್ತ "ಆ..." ಎಂದು ಎಳೆದು ನೋಡಿದರು. ಎಳೆದರು, ಎಳೆದರು. ಕಣ್ಣು ಒಣಗಿಯೇ ಇತ್ತು.

"ಇದು ಅದಲ್ಲ ಅಚ್ಚುತಣ್ಣ," ಎಂದ ರಿತೇಶ. "ಮೊನ್ನೆ ನೀವು ಹೆದರಿ ಸತ್ತಿದ್ರಿ. ಇದು ಊಟ ಆದವರ ಆಲಾಪನೆ. ಪದ್ಯ ಬಾಯಿಪಾಠ ಮಾಡಿ ಜನರನ್ನು ನೋಡಿಯೇ ಹಾಡಿದ್ರೆ ಎಂತ?"

ಆ ಮಾತು ಭಾಗವತರ ಕಿವಿಗೇ ಬೀಳಲಿಲ್ಲ. ಅವರು ಆಚೀಚೆ ನೋಡಿ, ಜಾಸಿರನ ಹತ್ತಿರ ಬಾಗಿ ದನಿ ತಗ್ಗಿಸಿದರು. "ಇದನ್ನೇ ಕೊಡು. ಆದರೆ ಒಂದು ಪದ್ಯದ ನಡುವಲ್ಲಿ ತನ್ನಷ್ಟಕ್ಕೆ ಆರಿಹೋಗುವ ಹಾಗೆ ಮಾಡ್ಲಿಕ್ಕೆ ಆಗ್ತದಾ? ನನಗೆ ಗೊತ್ತೇ ಆಗಬಾರದು, ಹಾಗೆ."

"ಆಗದೆ ಎಂತ ಭಾಗವತರೇ," ಎಂದು ಜಾಸಿರ್ ಟ್ಯಾಬನ್ನು ತನ್ನ ಕಡೆ ತಿರುಗಿಸಿಕೊಂಡ. "ಯಾವ ಪದ್ಯಕ್ಕೆ ನಿಮಗೆ ಹೆದರಿಕೆ ಆಗಬೇಕು, ಅದೊಂದು ಹೇಳಿ."