ಹಾಲಪ್ಪನವರಿಗೆ ಹೊಳೆಯದಿದ್ದದ್ದು

ಪೇಟೆಂಟ್ ಕಚೇರಿಯಲ್ಲಿ ಹಾಲಪ್ಪನವರದು 'ಸಾಮಾನ್ಯ ಮನುಷ್ಯ'ನ ಹುದ್ದೆ. ಯಾರು ಏನೇ ಹೊಸದು ಕಂಡುಹಿಡಿದು ತರಲಿ, ಅದು ಹಾಲಪ್ಪನವರಿಗೂ ತಾನಾಗಿ ಹೊಳೆದರೆ ಅರ್ಜಿ ವಜಾ. ಹೊಳೆಯದಿದ್ದರೆ ಮಾತ್ರ ಪೇಟೆಂಟು. ಅವರ ತಲೆಗೆ ಹೊರಗಿನ ಗಾಳಿ ಸೋಕಬಾರದೆಂದು ಕಚೇರಿಯ ಮೇಲ್ಮಹಡಿಯಲ್ಲೇ ಒಂದು ಕೋಣೆ ಕೊಟ್ಟಿದ್ದರು. ಫೋನು, ಪೇಪರು ಹಾಗಿರಲಿ, ನೆಂಟರನ್ನೂ ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಊಟಕ್ಕೇನೂ ಕಮ್ಮಿಯಿರಲಿಲ್ಲ.

ಅವತ್ತು ಪರೀಕ್ಷಕಿ ರೋಹಿಣಿ ಒಂದು ಅರ್ಜಿ ಹಿಡಿದು ಬಂದರು.

"ಹಾಲಪ್ಪನೋರೇ, ತಂತಿಯಿಲ್ಲದೆ, ಮಾತೂ ಇಲ್ಲದೆ, ದೂರದಲ್ಲಿರೋರಿಗೆ 'ನಾನಿದ್ದೀನಿ' ಅಂತ ತಿಳಿಸಬೇಕು. ನೀವಾದ್ರೆ ಏನು ಮಾಡ್ತೀರಿ?"

"ಅದೇನು ಮಹಾ! ಕತ್ತಲಾದ ಮೇಲೆ ಕಿಟಕಿ ಹತ್ರ ನಿಂತು ಒಂದು ಸಲ ದೀಪ ಮಿಣುಕಿಸ್ತೀನಿ. ದಿನಾ ಮಾಡೋದೇ ಅದು."

"ಯಾರಿಗೆ?"

"ಯಾರು ನೋಡ್ತಾರೋ ಅವರಿಗೆ."

ರೋಹಿಣಿ ಅರ್ಜಿಯ ಮೊದಲ ಭಾಗದ ಮೇಲೆ ಗೀಟೆಳೆದರು. "ಅರ್ಜಿ ಹಾಕಿದೋರದೂ ಅಂಥದ್ದೇ ಖಾಲಿ ಮಿಣುಕು. ಇದು ವಜಾ. ಇನ್ನೊಂದು ಭಾಗ ಇದೆ. ಆ ಮಿಣುಕು ತಲುಪಿದ ಮೇಲೆ ಏನಾಗಬೇಕು?"

ಹಾಲಪ್ಪ ತಲೆ ಕೆರೆದುಕೊಂಡರು.

"ಆಮೇಲೇನಿರುತ್ತೆ ತಾಯೀ? ದೀಪ ಆರಿಸಿ ಮಲಗೋದು."

"ಆ ಕಡೆಯವರೂ ವಾಪಸ್ ಒಂದು ಸಲ ಮಿಣುಕಿಸ್ತಾರೆ, ಹಾಲಪ್ಪನೋರೇ."

ಹಾಲಪ್ಪ ಎದ್ದು ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡಿದರು.

"ಕೊಟ್ಬಿಡಿ ಅವರಿಗೆ ಪೇಟೆಂಟು," ಎಂದರು. "ಇದು ನನಗೆ ಹೊಳೆದೇ ಇರಲಿಲ್ಲ."